ಶಿವಪುರದ ಜಗಲಿಯ ಮೇಲೊಂದು ತರಗತಿ

ಮದ್ದೂರು ರೈಲ್ವೆ ನಿಲ್ದಾಣದಲ್ಲಿ ಇಳಿದಾಗ ಬೆಳಿಗ್ಗೆ ಎಂಟು ಗಂಟೆ. ಸಂಕ್ರಾಂತಿ ಮುಗಿದು ವಾರ ಕಳೆದಿತ್ತು, ಚಳಿ ಮಾತ್ರ ಇನ್ನೂ ಬಿಟ್ಟಿರಲಿಲ್ಲ. ನನ್ನ ಜೊತೆ ಆರು ಮಂದಿ ವಿದ್ಯಾರ್ಥಿಗಳು, ಅವರ ಅಧ್ಯಾಪಕಿ. ಆ ಅಧ್ಯಾಪಕಿ ಹದಿನೆಂಟು ವರ್ಷದ ಹಿಂದೆ ನನ್ನ ತರಗತಿಯ ಮೂರನೇ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದ ಹುಡುಗಿ. ನಾನು ನಿವೃತ್ತಳಾದ ಮೇಲೂ ಅವರೆಕಾಯಿ ಕಾಲ ಬಂತೆಂದರೆ ಅವಳ ಫೋನು ಬರುತ್ತದೆ: "ಮೇಡಂ, ಮಕ್ಕಳನ್ನ ಶಿವಪುರಕ್ಕೆ ಕರ್ಕೊಂಡು ಹೋಗ್ತಿದೀನಿ. ನೀವೂ ಬರಬೇಕು."

ನಾವು ಕಲಿಸುವ ವಿದ್ಯೆ ಆಕ್ಯುಪೇಷನಲ್ ಥೆರಪಿ. ಪುಸ್ತಕದಲ್ಲಿ ಇದಕ್ಕೆ ಔದ್ಯೋಗಿಕ ಚಿಕಿತ್ಸೆ ಎಂದು ಬರೆಯುತ್ತಾರೆ, ವೃತ್ತಿ ಚಿಕಿತ್ಸೆ ಎಂದೂ ಬರೆಯುತ್ತಾರೆ. ಎರಡನ್ನೂ ಕೇಳಿದವರು ಕೆಲಸ ಕೊಡಿಸುವ ಇಲಾಖೆ ಎಂದುಕೊಳ್ಳುತ್ತಾರೆ. ಆಸ್ಪತ್ರೆಯೊಳಗೆ ಎಲ್ಲರೂ ಓಟಿ ಎಂದೇ ಕರೆಯುವುದರಿಂದ ಇನ್ನೊಂದು ಗೊಂದಲ. ಚೀಟಿಯಲ್ಲಿ ಓಟಿ ಎಂದಿರುವುದನ್ನು ಕಂಡು ಆಪರೇಷನ್ ಎಂದೇ ಹೆದರಿ, ಬೆಳಿಗ್ಗೆಯಿಂದ ಹಸಿದುಕೊಂಡು ಬಂದು ಕೂತವರನ್ನು ನಾನು ಕಂಡಿದ್ದೇನೆ. ಲಕ್ವ ಹೊಡೆದವರು, ಕೈಬೆರಳು ಕಳೆದುಕೊಂಡವರು, ಮನಸ್ಸಿನ ಕಾಯಿಲೆಯಿಂದ ಹಾಸಿಗೆ ಬಿಟ್ಟೇಳದವರು, ಹುಟ್ಟಿನಿಂದಲೇ ಕೈಕಾಲು ಬಿಗಿದ ಮಕ್ಕಳು, ಇವರೆಲ್ಲ ಉಣ್ಣುವುದು, ಉಡುವುದು, ತಲೆ ಬಾಚುವುದು, ಅಂಗಡಿಗೆ ಹೋಗಿ ಬರುವುದು, ತಮ್ಮ ಕಸುಬು ಮಾಡುವುದು, ಇಷ್ಟನ್ನು ಮತ್ತೆ ತಾವೇ ಮಾಡಿಕೊಳ್ಳುವಂತಾಗಬೇಕು. ಅದಕ್ಕೆ ದಾರಿ ಹುಡುಕುವುದು ನಮ್ಮ ಕೆಲಸ. ಚಿಕಿತ್ಸೆಯ ಗುರಿಯೂ ಆ ಕೆಲಸಗಳೇ, ಔಷಧಿಯೂ ಅವೇ. ಶರಣರ ಕಾಯಕ ಎಂಬ ಮಾತಿನೊಳಗೆ ಕಾಯವೂ ಕುಳಿತಿದೆಯಲ್ಲ, ಅದಕ್ಕಿಂತ ಹತ್ತಿರದ ಕನ್ನಡ ಪದ ನನಗೆ ಇದುವರೆಗೂ ಸಿಕ್ಕಿಲ್ಲ.

ಮಕ್ಕಳ ಕೈಯಲ್ಲಿ ಒಂದೊಂದು ಇಂಚು ಟೇಪು, ಒಂದೊಂದು ನೋಟ್‌ಬುಕ್. ಈ ನಡಿಗೆಗೆ ನಾನು ಹಿಂದೆ ಮಾಡಿದ್ದ ನಿಯಮವನ್ನೇ ಅವರ ಅಧ್ಯಾಪಕಿ ಈಗಲೂ ನಡೆಸಿಕೊಂಡು ಬಂದಿದ್ದಾಳೆ. ಮಧ್ಯಾಹ್ನದ ಊಟದವರೆಗೆ ಯಾರಿಗೂ ಯಾವ ಸಲಹೆಯನ್ನೂ ಕೊಡಬಾರದು. ನೋಡಬೇಕು, ಅಳೆಯಬೇಕು, ಬರೆದುಕೊಳ್ಳಬೇಕು.

ಶಿವಪುರ ಈಗ ಮದ್ದೂರು ಪಟ್ಟಣದೊಳಗೇ ಸೇರಿಹೋಗಿದೆ. ಬೆಂಗಳೂರು ಮೈಸೂರು ಹಳೆಯ ಹೆದ್ದಾರಿಯಲ್ಲಿ ಓಡಾಡಿದವರು ಸತ್ಯಾಗ್ರಹ ಸೌಧವನ್ನು ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತಾರೆ. ಇಳಿದು ಒಳಗೆ ಹೋದವರು ಕಡಿಮೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದು ವಾಹನಗಳು ಊರೊಳಗೆ ನಿಲ್ಲದೆಯೇ ಹಾದುಹೋಗತೊಡಗಿದ ಮೇಲೆ ಕಿಟಕಿಯಿಂದ ನೋಡುವವರೂ ಕಡಿಮೆಯಾದರು. ಆದ್ದರಿಂದಲೋ ಏನೋ, ಆ ಬೆಳಿಗ್ಗೆ ಸೌಧದ ಬಳಿ ನಾವು ಬಿಟ್ಟರೆ ಕಸ ಗುಡಿಸುತ್ತಿದ್ದ ಒಬ್ಬ ಹೆಂಗಸು ಮಾತ್ರ ಇದ್ದರು.

1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿದ ನೆಲ ಇದು. ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು. ಕಾಂಗ್ರೆಸ್ ಬಾವುಟ ಹಾರಿಸಕೂಡದೆಂದು ಸಂಸ್ಥಾನದ ಸರ್ಕಾರ ನಿಷೇಧಾಜ್ಞೆ ಹೊರಡಿಸಿತ್ತು. ಆಜ್ಞೆ ಮುರಿದು ಬಾವುಟ ಏರಿಸಿದವರು ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆದು ಜನ ಸತ್ತರು. ಆಮೇಲೆ ಸರ್ದಾರ್ ಪಟೇಲರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು. ಆ ಒಪ್ಪಂದದಿಂದ ಸಂಸ್ಥಾನದಲ್ಲಿ ಆ ಬಾವುಟಕ್ಕೆ ಜಾಗ ಸಿಕ್ಕಿತು. ಇಷ್ಟು ಕಥೆ ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು.

ನಾನು ನನ್ನ ಮಕ್ಕಳಿಗೆ ಹೇಳುವುದು ಬಾವುಟದ ನಡುವೆ ಇದ್ದ ಚಿತ್ರದ ಬಗ್ಗೆ. ಆಗ ಅಲ್ಲಿ ಅಶೋಕ ಚಕ್ರ ಇರಲಿಲ್ಲ, ಚರಕ ಇತ್ತು. "ನೂಲುವಾಗ ಯಾವ ಕೈ ಏನು ಮಾಡುತ್ತೆ, ಹೇಳಿ?" ಎಂದು ಕೇಳುತ್ತೇನೆ. ಈ ಸಲವೂ ಯಾರಿಗೂ ಹೇಳಲು ಬರಲಿಲ್ಲ. ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ ನೋಡುತ್ತಿದ್ದರು. ಬಲಗೈ ಗಾಲಿ ತಿರುಗಿಸುತ್ತದೆ, ಎಡಗೈ ಹಂಜಿಯಿಂದ ಎಳೆ ಎಳೆಯುತ್ತದೆ. ಒಂದು ಕೈಗೆ ಒಂದೇ ಲಯದ ಸುತ್ತು, ಇನ್ನೊಂದಕ್ಕೆ ಹದ ತಿಳಿದು ಬಿಡುವ ಬಿಗಿತ. ಎರಡು ಕೈಗೆ ಎರಡು ಬೇರೆ ಕೆಲಸ, ದಾರ ಮಾತ್ರ ಒಂದು. ಲಕ್ವ ಹೊಡೆದ ಮೆದುಳಿನಿಂದ ಕಳಚಿಹೋಗುವುದು ಈ ಹೊಂದಾಣಿಕೆಯೇ. ನಾನು ಕಲಿಯುವ ಕಾಲಕ್ಕೆ ನಮ್ಮ ವಿಭಾಗದ ಮೂಲೆಯಲ್ಲಿ ಒಂದು ಚರಕ, ಒಂದು ಕೈಮಗ್ಗ, ಪೆಡಲು ತುಳಿದು ಹಲಗೆ ಕೊರೆಯುವ ಗರಗಸ ಇದ್ದವು. ಈಗ ಹೆಚ್ಚಿನ ಕಡೆ ಅವನ್ನು ಎತ್ತಿಟ್ಟಿದ್ದಾರೆ. ಪ್ಲಾಸ್ಟಿಕ್ಕಿನ ಗೂಟ, ಬಣ್ಣದ ರಬ್ಬರು ಬಂದಿವೆ. ಗೂಟ ಕಿತ್ತು ನೆಟ್ಟು, ಮತ್ತೆ ಕಿತ್ತು ನೆಟ್ಟು, ಸಂಜೆಗೆ ಕೈಯಲ್ಲಿ ಏನೂ ಉಳಿಯದ ಅಭ್ಯಾಸವನ್ನು ರೋಗಿಯ ಮನಸ್ಸು ಎಷ್ಟು ದಿನ ಒಪ್ಪೀತು? ಈ ಬದಲಾವಣೆ ನನಗೆ ಇವತ್ತಿಗೂ ಸಮಾಧಾನ ಕೊಟ್ಟಿಲ್ಲ.

ಸೌಧದಿಂದ ಪೇಟೆ ಕಡೆಗೆ ನಡೆದು ಒಂದು ಸಣ್ಣ ಹೋಟೆಲಿನಲ್ಲಿ ಕೂತೆವು. ಮದ್ದೂರಿಗೆ ಬಂದು ವಡೆ ತಿನ್ನದೆ ಹೋಗುವವರಿಲ್ಲ. ಒಲೆಯ ಪಕ್ಕದಲ್ಲಿ ಒಬ್ಬರು ಈರುಳ್ಳಿ ಕಲಸಿದ ಹಿಟ್ಟಿನ ಉಂಡೆಯನ್ನು ಎಣ್ಣೆ ಸವರಿದ ಹಾಳೆಯ ಮೇಲಿಟ್ಟು ನಾಲ್ಕು ಬೆರಳ ತುದಿಯಿಂದ ತಟ್ಟುತ್ತಿದ್ದರು. ಹೆಬ್ಬೆರಳು ಅಂಚು ಕಾಯುತ್ತಿತ್ತು. ವಿದ್ಯಾರ್ಥಿಗಳಲ್ಲಿ ಇಬ್ಬರು ಹೇಳಿಸಿಕೊಳ್ಳದೆಯೇ ಎದ್ದುಹೋಗಿ ನೋಡಿ ಬರೆದುಕೊಂಡರು. ನಮ್ಮ ವಿದ್ಯೆಯ ಅಕ್ಷರಾಭ್ಯಾಸ ಅದು: ಯಾವುದೇ ಕೆಲಸವನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡುವುದು, ಯಾವ ಬೆರಳು, ಎಷ್ಟು ಬಲ, ಕಣ್ಣು ಎಲ್ಲಿ, ಮೈ ಎತ್ತ ಬಾಗಿದೆ, ಕೂತು ಮಾಡಬಹುದೋ ನಿಂತೇ ಆಗಬೇಕೋ.

ಮದ್ದೂರು ವಡೆ 1917ರಲ್ಲಿ ಇಲ್ಲಿನ ರೈಲ್ವೆ ನಿಲ್ದಾಣದಲ್ಲಿ ಹುಟ್ಟಿತೆಂದು ಊರವರು ಹೇಳುತ್ತಾರೆ. ಅದೇ 1917ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಪುಟ್ಟ ಊರಿನಲ್ಲಿ ಕೆಲವರು ಸೇರಿ ಆಕ್ಯುಪೇಷನಲ್ ಥೆರಪಿಯ ಮೊದಲ ಸಂಘ ಕಟ್ಟಿದರು. ಕರೆದು ಸೇರಿಸಿದವರು ಜಾರ್ಜ್ ಬಾರ್ಟನ್. ಅವರು ವೈದ್ಯರಲ್ಲ, ಕಟ್ಟಡದ ನಕ್ಷೆ ಬರೆಯುವವರು. ಕ್ಷಯದಿಂದ ಸೊರಗಿ, ಎಡಭಾಗ ಸ್ವಾಧೀನ ತಪ್ಪಿ, ಮತ್ತೆ ಮರಗೆಲಸ, ತೋಟದ ಕೆಲಸ ಮಾಡುತ್ತಲೇ ಕೈ ಕೂಡಿಸಿಕೊಂಡವರು. ನಮ್ಮ ವಿದ್ಯೆಯನ್ನು ಹುಟ್ಟಿಸಿದವರಲ್ಲಿ ರೋಗಿಯೊಬ್ಬರಿದ್ದರು ಎಂಬ ಸಂಗತಿಯನ್ನು ಮಕ್ಕಳಿಗೆ ಪಾಠದ ಮೊದಲ ದಿನವೇ ಹೇಳಬೇಕು ಎಂಬುದು ನನ್ನ ಹಟ.

ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. 1900ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಲಿಜಬೆತ್ ಲಂಡಿ ಅವರು ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ ಇಲ್ಲಿಯವರೇ ಆದರು. ನಲವತ್ತು ದಾಟಿದ ಮೇಲೆ ಮತ್ತೆ ತವರಿಗೆ ಹೋಗಿ ಫಿಲಡೆಲ್ಫಿಯಾದಲ್ಲಿ ಈ ವಿದ್ಯೆ ಕಲಿತರು. ಆ ವಯಸ್ಸಿನಲ್ಲಿ, ತಮಗಿಂತ ಎಷ್ಟೋ ಚಿಕ್ಕ ಹುಡುಗಿಯರ ಪಕ್ಕದ ಬೆಂಚಿನಲ್ಲಿ! ಹಿಂತಿರುಗಿ ಬಂದು 1950ರಲ್ಲಿ ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶಾಲೆ ತೆರೆದರು. ಏಷ್ಯಾದಲ್ಲೇ ಅದು ಈ ವಿದ್ಯೆಯ ಮೊದಲ ಶಾಲೆ. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಜಾಗತಿಕ ಒಕ್ಕೂಟ ರೂಪುಗೊಂಡಾಗ ಸ್ಥಾಪಕರಾದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಸ್ವಾತಂತ್ರ್ಯ ಬಂದು ಐದು ವರ್ಷವಾಗಿದ್ದ ದೇಶ, ಶಾಲೆ ಶುರುವಾಗಿ ಎರಡೇ ವರ್ಷ! ಮುಂದೆ ನಾಗಪುರದಲ್ಲೂ ಶಾಲೆಯಾಯಿತು. ನಿಂಬ್ಕರ್ ಅವರು 1979ರಲ್ಲಿ ತೀರಿಕೊಂಡರು. ಮಹಾರಾಷ್ಟ್ರದ ಫಲಟಣದಲ್ಲಿ ಇವತ್ತೂ ಅವರ ಹೆಸರಿನ ಮಕ್ಕಳ ಶಾಲೆಯೊಂದು ನಡೆಯುತ್ತಿದೆ.

ನಾನು ಅವರನ್ನು ಕಂಡವಳಲ್ಲ. ಆದರೆ ನನಗೆ ಕಲಿಸಿದವರಿಗೆ ಕಲಿಸಿದವರು ಮುಂಬಯಿಯಲ್ಲಿ ಕಲಿತವರು. ಈ ವಿದ್ಯೆಯಲ್ಲಿ ಎಲ್ಲರ ಬೇರೂ ಹಾಗೆಯೇ, ಹಿಂದಕ್ಕೆ ನಡೆಯುತ್ತ ಹೋದರೆ ಎಲ್ಲೋ ಒಂದು ಕಡೆ ಪರೇಲಿನ ಆ ಕೋಣೆ ಸಿಗುತ್ತದೆ. ನಮ್ಮಲ್ಲಿ ಮಣಿಪಾಲದಲ್ಲಿ ಪದವಿಯೂ ಸ್ನಾತಕೋತ್ತರ ಪದವಿಯೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ನೇಯ್ಗೆ, ಮರಗೆಲಸ, ಬೇಕರಿ ಎಲ್ಲವೂ ಚಿಕಿತ್ಸೆಯ ಭಾಗವಾಗಿ ನಡೆದು ಬಂದಿವೆ. ಪೋಲಿಯೋದಿಂದ ಅಂಗವಿಕಲರಾದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಎ.ಪಿ.ಡಿ. ಸಂಸ್ಥೆಯನ್ನು ನೋಡದೆ ನನ್ನ ಯಾವ ವಿದ್ಯಾರ್ಥಿಯೂ ಪದವಿ ಪಡೆದಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಈ ಊರುಗಳೆಲ್ಲ ದೂರ. ಲಕ್ವ ಮಾತ್ರ ಮಳವಳ್ಳಿಯ ಹಳ್ಳಿಯಲ್ಲೂ ಹೊಡೆಯುತ್ತದೆ. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹುತೇಕ ಅವರೂ ಅಂಗವಿಕಲರೇ. ಗೌರವಧನ ಅಲ್ಪ, ಕೆಲಸ ಬೆಟ್ಟದಷ್ಟು. 2021ರ ಕೇಂದ್ರ ಕಾಯ್ದೆ ನಮ್ಮ ವೃತ್ತಿಗೆ ಒಂದು ಚೌಕಟ್ಟು ಕೊಟ್ಟಿತು, ಅದು ಒಳ್ಳೆಯದೇ. ಆ ಚೌಕಟ್ಟಿನೊಳಗೆ ತಾಲ್ಲೂಕು ಆಸ್ಪತ್ರೆಗೊಬ್ಬ ಥೆರಪಿಸ್ಟ್ ಬರುವ ದಿನವನ್ನು ನಾನು ಕಾಯುತ್ತಿದ್ದೇನೆ.

ವಡೆ ತಿಂದು, ಎರಡು ಆಟೋ ಮಾಡಿಕೊಂಡು ಮಳವಳ್ಳಿ ರಸ್ತೆಯಲ್ಲಿ ಕೆ.ಎಂ. ದೊಡ್ಡಿ ಕಡೆಗೆ ಹೊರಟೆವು. ಎರಡೂ ಬದಿ ಕಬ್ಬು. ಬೆಲ್ಲದ ವಾಸನೆ ಬಂದ ಕಡೆ ನಿಲ್ಲಿಸಿದರೆ ಸಾಕು, ಆಲೆಮನೆ ಸಿಗುತ್ತದೆ. ಗಾಣದ ಮುಂದೆ ಒಬ್ಬ ಕೂತು ಕಬ್ಬು ಕೊಡುತ್ತಿದ್ದ. ಇನ್ನೊಬ್ಬ ಹಿಂದಿನಿಂದ ಹಿಂಡಿದ ಕಬ್ಬಿನ ರಚ್ಚು ಎಳೆದು ಹಾಕುತ್ತಿದ್ದ. ಒಳಗೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ನೊರೆ ಏರುತ್ತಿತ್ತು. ಪಾಕದ ಹದ ನೋಡುವ ಹಿರಿಯರು ಬೆರಳನ್ನು ನೀರಿಗೆ ಅದ್ದಿ, ಚಿಟಿಕೆಯಷ್ಟು ಪಾಕ ತೆಗೆದು, ಮತ್ತೆ ನೀರಿಗೆ ಅದ್ದಿ ಉರುಟಿ ನೋಡಿದರು. ಆ ಒಂದು ಕ್ಷಣದಲ್ಲಿ ಬೆರಳ ತುದಿ ಬಿಸಿ, ಅಂಟು, ಗಟ್ಟಿತನ ಮೂರನ್ನೂ ಓದಿಬಿಡುತ್ತದೆ. ಬೆರಳ ತುದಿಯ ಸ್ಪರ್ಶ ಹೋದವರು ಬೆಲ್ಲದ ಹದ ತೆಗೆಯಲಾರರು. ಕುಷ್ಠದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಸ್ಪರ್ಶ ಕಳೆದುಕೊಂಡವರು ಇದೇ ಕೆಲಸ ಮಾಡಹೋದರೆ ಬೆರಳು ಸುಟ್ಟದ್ದೂ ತಿಳಿಯುವುದಿಲ್ಲ.

ಗಾಣದ ಬಳಿ ನಾನು ಮಕ್ಕಳನ್ನು ಎರಡು ಮಾರು ದೂರವೇ ನಿಲ್ಲಿಸಿದೆ. ಉರುಳೆ ಕಬ್ಬನ್ನು ಕಚ್ಚಿದರೆ ಎಳೆದುಕೊಳ್ಳುವುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಉದ್ದನೆಯ ಕಬ್ಬು ಕೊಡುವಾಗ ಕೈ ದೂರ ಇರುತ್ತದೆ. ಕೊನೆಯಲ್ಲಿ ಉಳಿದ ತುಂಡು ತಳ್ಳುವಾಗ, ನಿದ್ದೆಗೆಟ್ಟ ರಾತ್ರಿ ಪಾಳಿಯಲ್ಲಿ, ಹೆಗಲ ಟವೆಲು ಜಾರಿದಾಗ, ಬಳೆ ಸಿಕ್ಕಿದಾಗ ಕೈ ಹೋಗುತ್ತದೆ. "ತುಂಡ್ ಕಬ್ಬ ಕೈಲಿ ಕೊಡಬ್ಯಾಡ ಅಂತ ನಮ್ಮಪ್ಪ ಬಡ್ಕೊಳೋರು ಕಣಕ್ಕ," ಎಂದ ಗಾಣದ ಮುಂದಿನವನು. ಅವನ ಎಡಗೈಯ ಕಿರುಬೆರಳಿಗೆ ತುದಿ ಇರಲಿಲ್ಲ. ಏನಾಯ್ತು ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೀಗೆ ಜಜ್ಜಿದ ಕೈಗೆ ಹೊಲಿಗೆ ಹಾಕಿ ಮನೆಗೆ ಕಳಿಸಿದರೆ ಕೆಲಸ ಅರ್ಧವೇ ಆದಂತೆ. ಸರಿಯಾದ ಪಟ್ಟಿ ಕಟ್ಟಿ, ಸರಿಯಾದ ದಿನದಿಂದ ಬೆರಳು ಆಡಿಸಲು ಕಲಿಸದಿದ್ದರೆ ಗಾಯ ಮಾಯುತ್ತದೆ, ಕೈ ಮಡಚಿದಂತೆಯೇ ಮರಗಟ್ಟುತ್ತದೆ. ಆಗ ಅವನ ಜೀವನದ ಕಬ್ಬೂ ಹೋಯಿತು, ಗಾಣವೂ ಹೋಯಿತು.

ಮಧ್ಯಾಹ್ನಕ್ಕೆ ಶಿವಪುರದ ಬೀದಿಗೆ ವಾಪಸಾದೆವು. ಹಳೆಯ ಮನೆಗಳ ಸಾಲು, ನಡುನಡುವೆ ಹೊಸ ಮಹಡಿ. ಹೊರಗೆ ಜಗಲಿಗಳಿರುವ ಆ ಸಾಲೇ ನನ್ನ ನಿಜವಾದ ತರಗತಿ. ಮಕ್ಕಳು ಮನೆಯವರನ್ನು ಕೇಳಿ ಹೊಸ್ತಿಲು ಅಳೆಯತೊಡಗಿದರು. ಐದು ಇಂಚು, ಏಳು ಇಂಚು, ಒಂದು ಕಡೆ ಒಂಬತ್ತು. ಲಕ್ಷ್ಮಿ ಕೂರುವ ಜಾಗ, ಅರಿಸಿನ ಕುಂಕುಮ ಇಟ್ಟ ಜಾಗ, ಅದನ್ನು ಒಡೆಯಿರಿ ಎಂದು ಯಾವ ಥೆರಪಿಸ್ಟೂ ಹೇಳಬಾರದು. ಕಾಲೆಳೆದು ನಡೆಯುವವರಿಗೆ ಆ ಏಳು ಇಂಚು ಬೆಟ್ಟ. ಬಾಗಿಲ ಪಕ್ಕ ಒಂದು ಹಿಡಿಕೆ, ಒಳಗೂ ಹೊರಗೂ ಅರ್ಧ ಎತ್ತರದ ಒಂದೊಂದು ಹಲಗೆ, ಅಷ್ಟರಲ್ಲಿ ಬೆಟ್ಟ ದಿನ್ನೆಯಾಗುತ್ತದೆ, ಲಕ್ಷ್ಮಿಯೂ ಇದ್ದಲ್ಲೇ ಇರುತ್ತಾಳೆ.

ಇದನ್ನೆಲ್ಲ ನಾನು ಹುಟ್ಟಿನಿಂದ ತಿಳಿದವಳಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಆಸ್ಪತ್ರೆಯಲ್ಲಿ ಮಳವಳ್ಳಿ ಕಡೆಯ ಒಬ್ಬ ರೈತರಿಗೆ ಚಿಕಿತ್ಸೆ ಕೊಡುತ್ತಿದ್ದೆ. ಬಲಭಾಗಕ್ಕೆ ಲಕ್ವ. ಹಿಡಿಗೆ ದಪ್ಪ ಸುತ್ತಿದ ಚಮಚ ಮಾಡಿಕೊಟ್ಟು, ಆರು ವಾರ ಅನ್ನ ತಿನ್ನುವುದನ್ನು ಎಡಗೈಯಲ್ಲಿ ಕಲಿಸಿದೆ. ಒಂದು ಅಗುಳು ಚೆಲ್ಲದೆ ತಿಂದರು. ಫೈಲಿನಲ್ಲಿ "ಸ್ವತಂತ್ರವಾಗಿ ಊಟ ಮಾಡಬಲ್ಲರು" ಎಂದು ಬರೆದು ಕಳಿಸಿದೆ. ಆರು ತಿಂಗಳ ಮೇಲೆ ಬಂದಾಗ ಸೊರಗಿದ್ದರು. ಹೆಂಡತಿ ತುತ್ತಿಡುತ್ತಿದ್ದರು. ಚಮಚ ಎಲ್ಲಿ ಎಂದು ಕೇಳಿದೆ. "ಮುದ್ದೆಗೆ ಚಮಚ ಹೆಂಗವ್ವ ಆದದು?" ಎಂದರು. ಎಡಗೈಯಲ್ಲಿ ಮುರಿದು ತಿನ್ನಲೇ ಎಂದರೆ ಪಂಕ್ತಿಯಲ್ಲಿ ಮೊಮ್ಮಕ್ಕಳೆದುರು ಆ ಕೈ ಎತ್ತಲು ನಾಚಿಕೆ. ಅವರು ಏನು ಉಣ್ಣುತ್ತಾರೆ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ನಾನು ಕಲಿತ ಪುಸ್ತಕದಲ್ಲಿ ಮುದ್ದೆ ಇರಲಿಲ್ಲ, ನಿಜ. ನನ್ನ ಅಜ್ಜಿಯ ಮನೆಯಲ್ಲಿ ಇತ್ತಲ್ಲ!

ಆ ದಿನದಿಂದ ಪಾಠ ಹೇಳುವ ರೀತಿ ಬದಲಿಸಿದೆ. ಮುದ್ದೆ ಉಣ್ಣುವುದನ್ನೇ ಒಂದು ಪಾಠ ಮಾಡಿದೆ. ಬಿಸಿ ಮುದ್ದೆಯ ಅಂಚನ್ನು ಮೂರು ಬೆರಳಲ್ಲಿ ಹರಿಯಬೇಕು, ಹೆಬ್ಬೆರಳಿಂದ ಒತ್ತಿ ಉರುಟಬೇಕು, ಸಾರಿನಲ್ಲಿ ಅದ್ದಬೇಕು, ಅಗಿಯದೆ ನುಂಗಬೇಕು. ಅಗಿಯದೆ ನುಂಗುವುದು ಎಂದಾಗ ಎಚ್ಚರ ಬೇಕು. ಲಕ್ವ ಹೊಡೆದ ಕೆಲವರಿಗೆ ಗಂಟಲ ಸ್ವಾಧೀನವೂ ತಪ್ಪಿರುತ್ತದೆ, ತುತ್ತು ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ. ಆದ್ದರಿಂದ ನುಂಗುವುದನ್ನು ಪರೀಕ್ಷಿಸಿದ ಮೇಲೆಯೇ ಮುದ್ದೆಯ ಮಾತು. ಆಮೇಲೆ ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ, ಅಂಚು ಎತ್ತರವಿರುವ ತಟ್ಟೆ, ಸೋತ ಕೈಯನ್ನು ತೊಡೆಯ ಮೇಲೆ ಬಿಡದೆ ತಟ್ಟೆಯ ಅಂಚಿಗೆ ಆನಿಸುವುದು. ಎಡಗೈಯ ನಾಚಿಕೆಗೆ ಮಾತ್ರ ಬಟ್ಟೆ, ತಟ್ಟೆಯ ಉಪಾಯ ನಡೆಯುವುದಿಲ್ಲ. ಮನೆಯ ಹಿರಿಯರೊಡನೆ ಕೂತು ಮಾತಾಡಬೇಕು. ಜಾಗತಿಕ ಒಕ್ಕೂಟದ ನಿಯಮದಂತೆ ವಿದ್ಯಾರ್ಥಿಯೊಬ್ಬ ಕನಿಷ್ಠ 1000 ಗಂಟೆ ರೋಗಿಗಳ ನಡುವೆ ಕಲಿಯಬೇಕು. ಅದರಲ್ಲಿ ಒಂದಿಷ್ಟು ಗಂಟೆಯಾದರೂ ಅಡುಗೆಮನೆಯಲ್ಲಿ ಕಳೆಯಲಿ ಎಂದು ನಾನು ಹೋದಲ್ಲೆಲ್ಲ ಕೇಳಿಕೊಂಡೆ.

ಬೀದಿಯ ಕೊನೆಯ ಮನೆಯ ಜಗಲಿಯಲ್ಲಿ ಮೂವರು ಹೆಂಗಸರು ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಕಂಬಕ್ಕೆ ಒರಗಿ, ಅವರಿಂದ ಎರಡು ಮೊಳ ದೂರದಲ್ಲಿ, ಅರವತ್ತು ದಾಟಿದ ಒಬ್ಬರು ಸುಮ್ಮನೆ ಕೂತಿದ್ದರು. ಬಲಗೈ ಮಡಿಲಲ್ಲಿ ಬಿದ್ದಿತ್ತು.

"ಬನ್ರವ್ವ, ಕೂತ್ಕಳಿ. ಇತ್ಕಿದ್ ಬ್ಯಾಳೆ ಸಾರು ಉಣ್ಕಂಡೇ ಹೋಗೀರಂತೆ," ಎಂದರು ಹಿರಿಯ ಹೆಂಗಸು. ಒಂಬತ್ತು ತಿಂಗಳ ಹಿಂದೆ ಯಜಮಾನರಿಗೆ ಲಕ್ವ ಹೊಡೆದದ್ದು, ಮಂಡ್ಯದ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದದ್ದು, ಈಗ ಕೋಲೂರಿ ನಡೆಯುವುದು, ಎಲ್ಲ ಹೇಳಿದರು. "ಕೈಯೊಂದು ಬರ್ನಿಲ್ಲ ಕಣಕ್ಕ. ರಬ್ಬರ್ ಚೆಂಡು ಅಮುಕು ಅಂದವ್ರೆ. ಎರಡು ದಿನ ಅಮುಕ್ದ್ರು, ಮೊಮ್ಮಗೀಗೆ ಆಡಕ್ ಕೊಟ್ಬುಟ್ರು."

ನಾನು ಹೆಂಗಸರ ಕೈ ನೋಡುತ್ತಿದ್ದೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳು, ಒಂದು ಒತ್ತು, ಸಿಪ್ಪೆ ಬೆರಳಲ್ಲಿ, ಬೇಳೆ ಪಾತ್ರೆಯಲ್ಲಿ. ಮೆತ್ತಗಿನ ಕಾಳು, ಬೇಕಾದ್ದು ಸ್ವಲ್ಪವೇ ಬಲ, ಒತ್ತಿದ ಕೂಡಲೇ ಟಪ್ಪೆಂದು ಫಲ. ಸೋತ ಚಿಟಿಕೆಯನ್ನು ಎಬ್ಬಿಸಲು ಇದಕ್ಕಿಂತ ಹೇಳಿ ಮಾಡಿಸಿದ ಸಾಧನವನ್ನು ನಾನು ಯಾವ ಕಂಪನಿಯ ಪಟ್ಟಿಯಲ್ಲೂ ಕಂಡಿಲ್ಲ. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಪಕ್ಕಕ್ಕೆ ತಿರುಗಿದರೆ ನನ್ನ ಹಳೆಯ ವಿದ್ಯಾರ್ಥಿನಿಯೂ ಅದನ್ನೇ ನೋಡುತ್ತಿದ್ದಳು, ಅವಳೂ ಮಾತಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಗೊತ್ತಿರುವುದನ್ನು ಹೇಳದೆ ತಡೆದುಕೊಳ್ಳುವುದು ಕಲಿಸುವವರಿಗೆ ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಮೂವತ್ತು ವರ್ಷದಲ್ಲಿ ನಾನು ಅದರಲ್ಲಿ ಎಷ್ಟೋ ಸಲ ಸೋತಿದ್ದೇನೆ.

ಬೆಳಿಗ್ಗೆಯಿಂದ ಒಂದು ಮಾತೂ ಆಡದ, ರಾಯಚೂರು ಕಡೆಯ ಒಬ್ಬ ಹುಡುಗಿ ನಮ್ಮ ಗುಂಪಿನಲ್ಲಿದ್ದಳು. ಅವಳು ನೋಟ್‌ಬುಕ್ ಮುಚ್ಚಿಟ್ಟು, ಕೈ ತೊಳೆದು ಬಂದು ಹೆಂಗಸರ ನಡುವೆ ಕೂತು ಹಿತಕತೊಡಗಿದಳು. ಬರಲಿಲ್ಲ. ಕಾಳು ಜಾರಿ ಜಾರಿ ಹಾರಿತು. ಹೆಂಗಸರು ನಕ್ಕು ತೋರಿಸಿಕೊಟ್ಟರು. ಹತ್ತು ನಿಮಿಷ ಕಳೆದ ಮೇಲೆ ಒಂದು ಹಿಡಿ ಕಾಳನ್ನು ಅಂಚಿನ ತಟ್ಟೆಗೆ ಹಾಕಿಕೊಂಡು, ಎದ್ದು ಹೋಗಿ, ಕಂಬದ ಬಳಿ ಕೂತಿದ್ದವರ ಬಲಮಗ್ಗುಲಲ್ಲಿ ಕೂತಳು.

"ತಾತ, ನನಗೂ ಬರ್ತಿಲ್ಲ. ಇಬ್ರೂ ಸೇರಿ ಮಾಡೋಣ್ವಾ?"

"ಹೆಂಗಸ್ರು ಕ್ಯಾಮೆ ಕಣ್ ಮಗ ಅದು," ಎಂದರು ಅವರು.

"ಬರೀ ಐದು ಕಾಳು."

ಅವರು ಹೆಂಡತಿಯ ಕಡೆ ನೋಡಿದರು. ಆಕೆ ತಲೆ ಎತ್ತದೆ, "ಉಣ್ಣೋದು ಗಂಡಸ್ರಲ್ವಾ," ಎಂದರು. ಹುಡುಗಿ ಅವರ ಬಲಮುಂಗೈಯ ಕೆಳಗೆ ಮಡಚಿದ ಟವೆಲಿಟ್ಟು, ಮಣಿಕಟ್ಟನ್ನು ಸ್ವಲ್ಪ ಮೇಲಕ್ಕೆ ಆನಿಸಿ, ಬೆರಳ ನಡುವೆ ಕಾಳಿಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಕಾಳು ಕೆಳಗೆ ಬಿತ್ತು. ಎರಡನೆಯದು ಬೆರಳಲ್ಲೇ ಉಳಿಯಿತು. ಮೂರನೆಯದಕ್ಕೆ ಅವರ ಹೆಗಲು ಕಿವಿಯವರೆಗೆ ಎದ್ದಿತು. ಅವಳು ಹೆಗಲ ಮೇಲೆ ಹಗುರಾಗಿ ಅಂಗೈಯಿಟ್ಟು ಕಾದಳು. ನಾಲ್ಕನೆಯದು ಸಿಪ್ಪೆ ಬಿಟ್ಟು ಚಿಮ್ಮಿ ಬೀದಿಗೇ ಹಾರಿತು. ರಬ್ಬರ್ ಚೆಂಡು ಹಿಡಿದುಕೊಂಡು ನಿಂತಿದ್ದ ಮೊಮ್ಮಗಳು ಓಡಿಹೋಗಿ ಅದನ್ನು ಹೆಕ್ಕಿ, ಫ್ರಾಕಿಗೆ ಒರೆಸಿ ತಂದು, ಪಾತ್ರೆಗೆ ಹಾಕಿದಳು.